ಗಣಕದ ಆಡಳಿತಕ್ಕೂ ಬೇಕು ಒಂದು ಕೋಡಿ

ನಮ್ಮ ನಾಡಿನ ಹಳೆಯ ಕೆರೆಗಳನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಏರಿ ಎಷ್ಟೇ ಗಟ್ಟಿಯಾಗಿರಲಿ, ಅದರ ಒಂದು ಬದಿಗೆ ತುಸು ತಗ್ಗಿನಲ್ಲಿ ಕಲ್ಲು ಕಟ್ಟಿದ ಕೋಡಿ ಇದ್ದೇ ಇರುತ್ತದೆ. ಮಳೆ ಅಳತೆ ಮೀರಿ ಸುರಿದ ವರ್ಷ ಹೆಚ್ಚಿನ ನೀರು ಅಲ್ಲಿಂದ ಹರಿದುಹೋಗುತ್ತದೆ, ಏರಿ ಉಳಿಯುತ್ತದೆ. ಕೆರೆ ಕಟ್ಟಿಸಿದವರು ತಮ್ಮ ಏರಿ ಎಂದೂ ಒಡೆಯುವುದಿಲ್ಲ ಎಂದು ನಂಬಿ ಕೂರಲಿಲ್ಲ. ಒಡೆಯಬಹುದು ಎಂದು ಮೊದಲೇ ಒಪ್ಪಿಕೊಂಡು ಅದಕ್ಕೆ ತಕ್ಕ ದಾರಿ ಮಾಡಿಟ್ಟರು.

ಸಮಾಜವೊಂದು ಅಪಾಯವನ್ನು ನಿಭಾಯಿಸುವ ರೀತಿ ಎಂದರೆ ಇದೇ. ಬರಗಾಲಕ್ಕೆ ಕಣಜ, ಸಿಡುಬಿಗೆ ಲಸಿಕೆ, ಬೆಂಕಿಗೆ ವಿಮೆ, ವಿದ್ಯುತ್ತಿಗೆ ಫ್ಯೂಸ್ ತಂತಿ. ಪ್ರತಿ ಕಾಲವೂ ತನ್ನ ಅಪಾಯಕ್ಕೆ ತನ್ನದೇ ಉಪಾಯ ಹುಡುಕಿಕೊಂಡಿದೆ. ನಮ್ಮ ಕಾಲದ ಒಂದು ದೊಡ್ಡ ಉಪಾಯ ಗಣಕೀಕೃತ ಆಡಳಿತ. ಜನನ ಪತ್ರ, ಜಮೀನಿನ ಪಹಣಿ, ಅಂಕಪಟ್ಟಿ, ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ ಎಲ್ಲವೂ ಈಗ ಕಂಪ್ಯೂಟರಿನೊಳಗೆ ಸೇರಿವೆ. ಕಡತ ಗೆದ್ದಲು ಹಿಡಿಯುವ, ಸುಟ್ಟುಹೋಗುವ, ಯಾರದೋ ಕೈಚಳಕದಿಂದ ತಿದ್ದಲ್ಪಡುವ ಅಪಾಯ ಇದರಿಂದ ತಗ್ಗಿದೆ. ಆದರೆ ಇದೇ ಉಪಾಯ ತನ್ನ ಜೊತೆಗೆ ಹೊಸ ಅಪಾಯಗಳನ್ನೂ ತಂದಿದೆ. ಹಾಗಾದರೆ ಈ ಹೊಸ ಕೆರೆಗೆ ಕೋಡಿ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಎರಡು ದೇಶಗಳ ಕಥೆಯನ್ನು ನೋಡೋಣ. ಒಂದು ಪುಟ್ಟ ಎಸ್ಟೋನಿಯಾ, ಇನ್ನೊಂದು ದೊಡ್ಡ ಬ್ರಿಟನ್.

ಬಡತನದಲ್ಲಿ ಹುಟ್ಟಿದ ಯೋಚನೆ

ಯುರೋಪಿನ ಉತ್ತರದಲ್ಲಿ, ಬಾಲ್ಟಿಕ್ ಸಮುದ್ರದ ದಡದಲ್ಲಿ ಎಸ್ಟೋನಿಯಾ ಇದೆ. ವಿಸ್ತೀರ್ಣ ಸುಮಾರು 45,000 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತಲೂ ತುಸು ಕಡಿಮೆ. ಜನಸಂಖ್ಯೆ ಸುಮಾರು 13 ಲಕ್ಷ. ಸೋವಿಯತ್ ಒಕ್ಕೂಟದ ಹಿಡಿತದಿಂದ 1991ರ ಆಗಸ್ಟ್‌ನಲ್ಲಿ ಬಿಡುಗಡೆ ಪಡೆದಾಗ ಆ ದೇಶದ ಬೊಕ್ಕಸದಲ್ಲಿ ಹೆಚ್ಚೇನೂ ಇರಲಿಲ್ಲ. ಊರೂರಿಗೆ ಕಚೇರಿ ತೆರೆದು ಗುಮಾಸ್ತರನ್ನು ನೇಮಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಅಲ್ಲಿನವರು ಕಂಪ್ಯೂಟರಿನ ಕಡೆ ತಿರುಗಿದರು.

ಅವರು ಮೊದಲು ಕೈಹಾಕಿದ ಜಾಗಗಳಲ್ಲಿ ಶಾಲೆಯೂ ಒಂದು. 1996ರಲ್ಲಿ 'ಹುಲಿ ನೆಗೆತ' ಎಂಬ ಹೆಸರಿನ ಯೋಜನೆ ಆರಂಭವಾಯಿತು. ಶಾಲೆಗಳಿಗೆ ಕಂಪ್ಯೂಟರ್ ಮತ್ತು ಅಂತರಜಾಲ ಸಂಪರ್ಕ ಒದಗಿಸುವುದು, ಶಿಕ್ಷಕರಿಗೆ ತರಬೇತಿ ಕೊಡುವುದು ಅದರ ಉದ್ದೇಶ. 2001ರಲ್ಲಿ 'ಎಕ್ಸ್-ರೋಡ್' ಎಂಬ ಮಾಹಿತಿ ಹೆದ್ದಾರಿ ಸಿದ್ಧವಾಯಿತು. 2002ರಿಂದ ಜನರಿಗೆ ಚಿಪ್ ಅಳವಡಿಸಿದ ಗುರುತಿನ ಚೀಟಿ ಕೊಡಲಾರಂಭಿಸಿದರು. ಈ ಚೀಟಿಯಿಂದ ಮನೆಯಲ್ಲೇ ಕುಳಿತು ಪತ್ರಗಳಿಗೆ ಕಾನೂನುಬದ್ಧ ಸಹಿ ಹಾಕಬಹುದು, ತೆರಿಗೆ ಲೆಕ್ಕ ಸಲ್ಲಿಸಬಹುದು. 2005ರಿಂದ ಅಲ್ಲಿ ಅಂತರಜಾಲದ ಮೂಲಕ ಮತದಾನವೂ ನಡೆಯುತ್ತಿದೆ. 2023ರ ಸಂಸತ್ ಚುನಾವಣೆಯಲ್ಲಿ ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಬಂದವು.

ಒಂದೇ ಕಣಜದಲ್ಲಿ ಎಲ್ಲ ಧಾನ್ಯವಿಲ್ಲ

ಎಕ್ಸ್-ರೋಡ್ ಹೇಗೆ ಕೆಲಸ ಮಾಡುತ್ತದೆ? ಇದನ್ನು ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಓದಬೇಕು. ಎಲ್ಲ ಪ್ರಜೆಗಳ ಎಲ್ಲ ಮಾಹಿತಿಯನ್ನೂ ಒಂದೇ ದೊಡ್ಡ ಉಗ್ರಾಣದಲ್ಲಿ ತುಂಬಿಡುವುದು ಸುಲಭದ ದಾರಿ. ಆದರೆ ಆ ಒಂದು ಉಗ್ರಾಣಕ್ಕೆ ಕಳ್ಳ ನುಗ್ಗಿದರೆ ಎಲ್ಲವೂ ಹೋಯಿತು. ಎಸ್ಟೋನಿಯಾದಲ್ಲಿ ಆರೋಗ್ಯದ ಮಾಹಿತಿ ಆರೋಗ್ಯದವರ ಬಳಿ, ಜಮೀನಿನ ಮಾಹಿತಿ ಭೂದಾಖಲೆಯವರ ಬಳಿ, ವಾಹನದ ಮಾಹಿತಿ ಸಾರಿಗೆಯವರ ಬಳಿ ಉಳಿಯುತ್ತದೆ. ಎಕ್ಸ್-ರೋಡ್ ಇವುಗಳ ನಡುವಿನ ಕಾವಲು ಇರುವ ರಸ್ತೆ ಮಾತ್ರ. ಒಂದು ಇಲಾಖೆಗೆ ಇನ್ನೊಂದರಿಂದ ಮಾಹಿತಿ ಬೇಕಾದರೆ ಈ ರಸ್ತೆಯಲ್ಲಿ ಗುರುತು ತೋರಿಸಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅಷ್ಟನ್ನೇ ತರಿಸಿಕೊಳ್ಳಬೇಕು. ಯಾರು, ಯಾವಾಗ, ಏನನ್ನು ತರಿಸಿಕೊಂಡರು ಎಂಬುದು ದಾಖಲಾಗುತ್ತದೆ.

ಇದರ ಜೊತೆಗೆ ಎರಡು ನಿಯಮಗಳಿವೆ. ಪ್ರಜೆ ಒಮ್ಮೆ ಕೊಟ್ಟ ಮಾಹಿತಿಯನ್ನು ಸರ್ಕಾರದ ಮತ್ತೊಂದು ಇಲಾಖೆ ಪುನಃ ಕೇಳಬಾರದು ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯ. ತನ್ನ ಮಾಹಿತಿಯನ್ನು ಯಾವ ಇಲಾಖೆ ತೆರೆದು ನೋಡಿತು ಎಂಬುದನ್ನು ಪ್ರಜೆಯೇ ಪರಿಶೀಲಿಸಬಹುದು. ಸಂಬಂಧವಿಲ್ಲದವರು ಇಣುಕಿದ್ದರೆ ವಿವರಣೆ ಕೇಳಬಹುದು. ಸರ್ಕಾರ ಪ್ರಜೆಯನ್ನು ನೋಡುತ್ತದೆ, ಪ್ರಜೆಯೂ ಸರ್ಕಾರವನ್ನು ನೋಡುತ್ತಾನೆ. ಕಣ್ಣು ಎರಡೂ ಕಡೆ ಇದ್ದರೆ ಕೈ ತಾನಾಗಿಯೇ ಅಳುಕುತ್ತದೆ.

ಕೌಂಟರಿನ ಮುಂದೆ ಸುಳ್ಳು ಸಾಲು

2007ರ ಏಪ್ರಿಲ್ ಕೊನೆಯಲ್ಲಿ ಎಸ್ಟೋನಿಯಾಕ್ಕೆ ಮೊದಲ ದೊಡ್ಡ ಪರೀಕ್ಷೆ ಎದುರಾಯಿತು. ರಾಜಧಾನಿ ಟ್ಯಾಲಿನ್ ನಗರದ ಮಧ್ಯದಲ್ಲಿದ್ದ ಸೋವಿಯತ್ ಕಾಲದ ಸೈನಿಕನ ಕಂಚಿನ ಪ್ರತಿಮೆಯನ್ನು ಸರ್ಕಾರ ಸೈನಿಕ ಸ್ಮಶಾನಕ್ಕೆ ಸ್ಥಳಾಂತರಿಸಿತು. ಬೀದಿಯಲ್ಲಿ ಗಲಭೆ ಎದ್ದಿತು. ಅದರ ಬೆನ್ನಿಗೇ ಸರ್ಕಾರದ, ಬ್ಯಾಂಕುಗಳ, ಪತ್ರಿಕೆಗಳ ಜಾಲತಾಣಗಳ ಮೇಲೆ ದಾಳಿ ಶುರುವಾಯಿತು. ಸುಮಾರು ಮೂರು ವಾರ ಅದು ಬಿಟ್ಟು ಬಿಟ್ಟು ನಡೆಯಿತು. ಎಸ್ಟೋನಿಯಾ ರಷ್ಯಾದ ಕಡೆ ಬೆರಳು ತೋರಿಸಿತು, ರಷ್ಯಾ ಅಲ್ಲಗಳೆಯಿತು.

ಈ ದಾಳಿಯ ಸ್ವರೂಪ ಸರಳವಾದದ್ದು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಮುಂದೆ ಹತ್ತು ಸಾವಿರ ಮಂದಿ ಬಂದು ನಿಂತರು ಎನ್ನಿ. ಯಾರಿಗೂ ಟಿಕೆಟ್ ಬೇಕಿಲ್ಲ, ಸುಮ್ಮನೆ ಒಂದೊಂದು ಪ್ರಶ್ನೆ ಕೇಳುತ್ತಾರೆ. ನಿಜವಾಗಿ ಊರಿಗೆ ಹೋಗಬೇಕಾದವನಿಗೆ ಕೌಂಟರ್ ತಲುಪಲು ಸಾಧ್ಯವೇ ಇಲ್ಲ. ಕಳ್ಳತನ ಏನೂ ಆಗಿಲ್ಲ, ಆದರೂ ಕೆಲಸ ನಿಂತಿತು. ಬೇರೆ ಬೇರೆ ದೇಶಗಳಲ್ಲಿದ್ದ, ಮಾಲೀಕರಿಗೇ ತಿಳಿಯದಂತೆ ದಾಳಿಕೋರರ ವಶವಾಗಿದ್ದ ಕಂಪ್ಯೂಟರುಗಳೂ ಈ ಸುಳ್ಳು ಸಾಲಿನಲ್ಲಿ ನಿಂತಿದ್ದವು.

ಈ ಘಟನೆಯ ನಂತರ ಎಸ್ಟೋನಿಯಾ ಕಂಪ್ಯೂಟರನ್ನು ಬಿಟ್ಟು ಮತ್ತೆ ಕಾಗದಕ್ಕೆ ಹೋಗಲಿಲ್ಲ. ಎಲ್ಲಿ ಸೋರಿತು ಎಂದು ಹುಡುಕಿತು. ತಂತ್ರಜ್ಞರು ಸ್ವಯಂಸೇವಕರಾಗಿ ಸೇರುವ ರಕ್ಷಣಾ ದಳ ಹುಟ್ಟಿಕೊಂಡಿತು. 2008ರಲ್ಲಿ ನ್ಯಾಟೋ ಒಕ್ಕೂಟದ ಸೈಬರ್ ರಕ್ಷಣಾ ಅಧ್ಯಯನ ಕೇಂದ್ರ ಟ್ಯಾಲಿನ್‌ನಲ್ಲೇ ಸ್ಥಾಪನೆಯಾಯಿತು. 2017ರಲ್ಲಿ ಲಕ್ಸೆಂಬರ್ಗ್ ದೇಶದ ಜೊತೆ ಒಂದು ಅಪರೂಪದ ಒಪ್ಪಂದವೂ ಆಯಿತು. ಜನಸಂಖ್ಯೆ, ಜಮೀನು, ವ್ಯಾಪಾರ ನೋಂದಣಿಯಂಥ ಮುಖ್ಯ ದಾಖಲೆಗಳ ಪ್ರತಿಯನ್ನು ಅಲ್ಲಿನ ಗಣಕ ಕೇಂದ್ರದಲ್ಲಿ ಇಡುವುದು, ಆ ಕೋಣೆಗೆ ರಾಯಭಾರ ಕಚೇರಿಗೆ ಸಲ್ಲುವಂಥ ರಕ್ಷಣೆ ಕೊಡುವುದು ಅದರ ಸಾರ. ನಾಳೆ ದೇಶದ ನೆಲವೇ ಪರರ ವಶವಾದರೂ ಯಾವ ಹೊಲ ಯಾರದು ಎಂಬ ದಾಖಲೆ ಉಳಿಯಬೇಕು. 1940ರಲ್ಲಿ ಸ್ವಾತಂತ್ರ್ಯ ಕಳೆದುಕೊಂಡ ನೆನಪಿರುವ ಜನಕ್ಕೆ ಈ ಭಯ ಕಾಲ್ಪನಿಕವಲ್ಲ.

ಅವಿಭಾಜ್ಯ ಸಂಖ್ಯೆಗಳ ಬೀಗ

ನಿಜವಾದ ಅಗ್ನಿಪರೀಕ್ಷೆ ನಡೆದದ್ದು ಅದೇ 2017ರಲ್ಲಿ. ಅದನ್ನು ತಿಳಿಯಲು ಸ್ವಲ್ಪ ಗಣಿತ ಬೇಕು. ಹೆದರಬೇಡಿ, ಪ್ರೌಢಶಾಲೆಯ ಗಣಿತವೇ ಸಾಕು.

89 ಮತ್ತು 97 ಎರಡೂ ಅವಿಭಾಜ್ಯ ಸಂಖ್ಯೆಗಳು. ಇವುಗಳ ಗುಣಲಬ್ಧ 8633. ಗುಣಿಸಲು ಅರ್ಧ ನಿಮಿಷ ಸಾಕು. ಈಗ ಉಲ್ಟಾ ಮಾಡಿ. ಇವೆರಡನ್ನು ಹೇಳದೆ 8633ರ ಅಪವರ್ತನಗಳನ್ನು ಹುಡುಕಿ ಎಂದು ತಂಗಿಗೋ ತಮ್ಮನಿಗೋ ಕೊಡಿ. 3, 7, 11, 13 ಎಂದು ಒಂದೊಂದಾಗಿ ಭಾಗಿಸುತ್ತಾ ಹೋಗಬೇಕು. ಒಂದು ದಿಕ್ಕಿನಲ್ಲಿ ಸುಲಭ, ಮರಳುವ ದಿಕ್ಕಿನಲ್ಲಿ ಕಷ್ಟ. ಅಂಕಿಗಳು ನೂರಾರು ಆದರೆ ಮರಳುವ ದಾರಿ ಕಂಪ್ಯೂಟರಿಗೂ ದುಸ್ತರ. ಗುರುತಿನ ಚೀಟಿಯ ಚಿಪ್ಪಿನಲ್ಲಿದ್ದ ಬೀಗ ಈ ತತ್ತ್ವದ ಮೇಲೆ ನಿಂತಿತ್ತು. ಗುಣಲಬ್ಧವನ್ನು ಎಲ್ಲರಿಗೂ ತೋರಿಸಬಹುದು. ಅದನ್ನು ಹುಟ್ಟಿಸಿದ ಎರಡು ಅವಿಭಾಜ್ಯ ಸಂಖ್ಯೆಗಳ ಗುಟ್ಟು ಚಿಪ್ಪಿನೊಳಗೇ ಇರುತ್ತದೆ.

ಈ ಬೀಗ ಭದ್ರವಾಗಿರಬೇಕಾದರೆ ಆ ಎರಡು ಸಂಖ್ಯೆಗಳನ್ನು ಯಾರೂ ಊಹಿಸಲಾಗದಂತೆ ಆರಿಸಿರಬೇಕು. ಜೆಕ್ ದೇಶದ ಬರ್ನೋ ನಗರದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಜರ್ಮನಿಯ ಇನ್ಫಿನಿಯಾನ್ ಕಂಪನಿಯ ಕೆಲವು ಚಿಪ್ಪುಗಳಲ್ಲಿ ಒಂದು ಕೊರತೆ ಕಂಡುಹಿಡಿದರು. ಕೆಲಸ ಬೇಗ ಮುಗಿಯಲೆಂದು ಚಿಪ್ಪಿನ ತಂತ್ರಾಂಶ ಒಂದು ನಿರ್ದಿಷ್ಟ ಮಾದರಿಯ ಅವಿಭಾಜ್ಯ ಸಂಖ್ಯೆಗಳನ್ನು ಮಾತ್ರ ಆರಿಸುತ್ತಿತ್ತು. ಸೈಕಲ್ಲಿನ ನಾಲ್ಕು ಅಂಕಿಯ ನಂಬರ್ ಬೀಗವನ್ನು ನೆನಪಿಸಿಕೊಳ್ಳಿ. ಕಳ್ಳ 0000ಯಿಂದ 9999ರವರೆಗೆ 10,000 ಸಲ ಪ್ರಯತ್ನಿಸಬೇಕು. ಆದರೆ ಬೀಗದ ಸಂಖ್ಯೆ 7ರಿಂದ ಭಾಗವಾಗುವಂಥದ್ದು ಎಂಬ ಗುಟ್ಟು ತಿಳಿದರೆ 1,429 ಪ್ರಯತ್ನ ಸಾಕು. ಬೀಗ ಮುರಿದಿಲ್ಲ, ಆದರೆ ಸಡಿಲವಾಗಿದೆ.

ಆಗಸ್ಟ್ ಕೊನೆಯಲ್ಲಿ ಈ ಸುದ್ದಿ ಎಸ್ಟೋನಿಯಾ ಸರ್ಕಾರಕ್ಕೆ ತಲುಪಿತು. ಸುಮಾರು 7.5 ಲಕ್ಷ ಗುರುತಿನ ಚೀಟಿಗಳಲ್ಲಿ ಅದೇ ಚಿಪ್ಪು ಇತ್ತು, ಅಂದರೆ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು. ಅಕ್ಟೋಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಬೇರೆ. ದುರುಪಯೋಗವಾದ ಒಂದು ಪ್ರಕರಣವೂ ಗೊತ್ತಿರಲಿಲ್ಲ. ಸುಮ್ಮನಿದ್ದು ಗುಟ್ಟಾಗಿ ಸರಿಪಡಿಸೋಣ ಎಂಬ ಆಸೆ ಯಾವ ಸರ್ಕಾರಕ್ಕೂ ಬರುವಂಥದ್ದೇ.

ಸೆಪ್ಟೆಂಬರ್ 5ರಂದು ಪ್ರಧಾನಿ ಯೂರಿ ರಾಟಾಸ್ ಅವರ ಸರ್ಕಾರ ವಿಷಯವನ್ನು ಬಹಿರಂಗವಾಗಿ ಹೇಳಿತು. ದಾಳಿಗೆ ಬೇಕಾಗುವ ಗುಣಲಬ್ಧಗಳ ಸಾರ್ವಜನಿಕ ಪಟ್ಟಿಯನ್ನು ಮುಚ್ಚಿತು. ಬೇರೆ ಬಗೆಯ ಗಣಿತದ ಬೀಗವನ್ನು ಸಿದ್ಧಪಡಿಸಿ, ಜನ ಮನೆಯಿಂದಲೇ ಚೀಟಿ ನವೀಕರಿಸುವ ಏರ್ಪಾಡು ಮಾಡಿತು. ನವೆಂಬರ್ 3ರ ರಾತ್ರಿ ಹಳೆಯ ಬೀಗಗಳನ್ನು ನಿಷ್ಕ್ರಿಯಗೊಳಿಸಿತು. ನವೀಕರಣಕ್ಕೆ ನೂಕುನುಗ್ಗಲಾದಾಗ ವೈದ್ಯರಂಥ ಅಗತ್ಯ ಸೇವೆಯವರಿಗೆ ಆದ್ಯತೆ ಕೊಟ್ಟಿತು. ಜನರಿಗೆ ತೊಂದರೆಯಾಯಿತು, ಟೀಕೆಯೂ ಬಂತು. ಆದರೆ ಅಂತರಜಾಲ ಮತದಾನ ನಿಲ್ಲಲಿಲ್ಲ, ಅದರ ಮೇಲಿನ ನಂಬಿಕೆಯೂ ಕುಸಿಯಲಿಲ್ಲ.

ಎಸ್ಟೋನಿಯಾ ದೋಷವಿಲ್ಲದ ದೇಶವೆಂದು ಇದರ ಅರ್ಥವಲ್ಲ. 2021ರಲ್ಲಿ ಅಲ್ಲಿನ ಸರ್ಕಾರಿ ಜಾಲದಿಂದಲೇ ಸುಮಾರು 2.86 ಲಕ್ಷ ಜನರ ಭಾವಚಿತ್ರಗಳನ್ನು ಒಬ್ಬಾತ ಇಳಿಸಿಕೊಂಡ. ಅದನ್ನೂ ಸರ್ಕಾರ ತಾನೇ ಪ್ರಕಟಿಸಿತು.

ಗಣಕ ಹೇಳಿದ್ದೇ ವೇದವಾದಾಗ

ಈಗ ಬ್ರಿಟನ್ನಿನ ಕಥೆಗೆ ಬರೋಣ. ಅಲ್ಲಿ ಹಳ್ಳಿ ಮತ್ತು ಬಡಾವಣೆಗಳ ಸಣ್ಣ ಅಂಚೆ ಕಚೇರಿಗಳನ್ನು ಹೆಚ್ಚಾಗಿ ಅಂಗಡಿಯ ಮಾಲೀಕರೇ ಗುತ್ತಿಗೆಯ ಮೇಲೆ ನಡೆಸುತ್ತಾರೆ. 1999ರಿಂದ ಈ ಕಚೇರಿಗಳ ಲೆಕ್ಕಕ್ಕೆ 'ಹೊರೈಜನ್' ಎಂಬ ಗಣಕ ವ್ಯವಸ್ಥೆ ಬಂತು. ಸ್ವಲ್ಪ ದಿನದಲ್ಲೇ ಹಲವು ಕಡೆ ಲೆಕ್ಕ ತಾಳೆಯಾಗದೆ ಹೋಯಿತು. ಪೆಟ್ಟಿಗೆಯಲ್ಲಿ ಇರುವ ಹಣಕ್ಕಿಂತ ಹೆಚ್ಚಿನ ಮೊತ್ತ ಇರಬೇಕೆಂದು ಗಣಕ ತೋರಿಸುತ್ತಿತ್ತು. ಕೊರತೆ ಬಿದ್ದ ಹಣವನ್ನು ಕಚೇರಿ ನಡೆಸುವವರೇ ತುಂಬಬೇಕೆಂದು ಅಂಚೆ ಸಂಸ್ಥೆ ಪಟ್ಟು ಹಿಡಿಯಿತು. ಸಹಾಯವಾಣಿಗೆ ಕರೆ ಮಾಡಿದ ಅನೇಕರಿಗೆ ಇಂಥ ತೊಂದರೆ ಬೇರೆ ಯಾರಿಗೂ ಇಲ್ಲ ಎಂಬ ಉತ್ತರ ಸಿಕ್ಕಿತು. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡರು.

ಕೆಲವರು ಉಳಿತಾಯ ಕರಗಿಸಿದರು, ಕೆಲವರು ಮನೆ ಮಾರಿದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಅಪರಾಧಿಗಳೆನಿಸಿಕೊಂಡರು. ಕೆಲವರು ಜೈಲಿಗೂ ಹೋದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು, ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ, ನ್ಯಾಯಾಲಯ ಭಾವಿಸಬಹುದೆಂಬುದು ಆ ಕಾಲದ ಇಂಗ್ಲೆಂಡಿನ ಕಾನೂನು. ತಂತ್ರಾಂಶದ ಒಳಗನ್ನು ಕಾಣದ ಅಂಗಡಿಯವನು ಅಂಥ ಸಾಕ್ಷ್ಯವನ್ನು ತರುವುದಾದರೂ ಎಲ್ಲಿಂದ?

ವೇಲ್ಸ್‌ನ ಲ್ಯಾಂಡಡ್ನೋ ಊರಿನ ಅಲನ್ ಬೇಟ್ಸ್ ಎಂಬವರು ಹಣ ತುಂಬಲು ಒಪ್ಪಲಿಲ್ಲ. 2003ರಲ್ಲಿ ಅವರ ಗುತ್ತಿಗೆ ರದ್ದಾಯಿತು. ಅವರು ತಮ್ಮಂಥವರನ್ನು ಒಬ್ಬೊಬ್ಬರಾಗಿ ಹುಡುಕಿ ಒಗ್ಗೂಡಿಸಿದರು. ಕೊನೆಗೆ 555 ಮಂದಿ ಸೇರಿ ದಾವೆ ಹೂಡಿದರು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಲಂಡನ್ನಿನ ಉಚ್ಚ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಮಂದಿಯ ಶಿಕ್ಷೆಯನ್ನು ರದ್ದುಮಾಡಿತು. 2024ರಲ್ಲಿ ಉಳಿದವರನ್ನು ದೋಷಮುಕ್ತಗೊಳಿಸಲು ಸಂಸತ್ತು ವಿಶೇಷ ಕಾಯ್ದೆಯನ್ನೇ ಮಾಡಬೇಕಾಯಿತು. ಅಷ್ಟರಲ್ಲಿ ಹಲವರು ತೀರಿಕೊಂಡಿದ್ದರು.

ಎರಡೂ ದೇಶಗಳಲ್ಲಿ ಯಂತ್ರ ತಪ್ಪಿತು. ಎಸ್ಟೋನಿಯಾದಲ್ಲಿ ತಪ್ಪು ತಿಳಿದ ಕೆಲವೇ ದಿನಗಳಲ್ಲಿ ಅದು ಜನರ ಮುಂದೆ ಬಂತು, ಸುಮಾರು ಎರಡು ತಿಂಗಳಲ್ಲಿ ಅಪಾಯಕ್ಕೆ ಅಗಳಿ ಬಿತ್ತು. ಬ್ರಿಟನ್ನಿನಲ್ಲಿ ತಪ್ಪನ್ನು ಒಪ್ಪಿಸಲು ಇಪ್ಪತ್ತು ವರ್ಷ ಬೇಕಾಯಿತು. ಹಾನಿಯ ಗಾತ್ರವನ್ನು ನಿರ್ಧರಿಸಿದ್ದು ದೋಷ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದನ್ನು ಕೇಳುವ ಕಿವಿ ಇತ್ತೇ ಎಂಬುದು.

ನಮ್ಮ ಮನೆಯ ದಾಖಲೆಗಳು

ಇದು ದೂರದ ಕಥೆ ಎಂದುಕೊಳ್ಳಬೇಡಿ. ಕರ್ನಾಟಕವೇ ಈ ದಾರಿಯಲ್ಲಿ ಮುಂದೆ ನಡೆದ ರಾಜ್ಯ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆ ಈ ಶತಮಾನದ ಆರಂಭದಲ್ಲೇ ಜಾರಿಗೆ ಬಂತು. ಕೈಬರಹದ ಪಹಣಿಯಲ್ಲಿ ಯಾರೋ ಹೆಸರು ತಿದ್ದುವ ಅಪಾಯ ಕಡಿಮೆಯಾಯಿತು. ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾದ್ದರಿಂದ ಯಾರು ಮಾಡಿದರು ಎಂಬ ಗುರುತು ಉಳಿಯುತ್ತದೆ. ಆದರೆ ಹಳೆಯ ಕಡತದ ತಪ್ಪೇ ಗಣಕಕ್ಕೆ ಹೋಗಿದ್ದರೆ? ಆಗ ಅದು ಅಚ್ಚುಕಟ್ಟಾಗಿ ಮುದ್ರಣಗೊಂಡ ತಪ್ಪಾಗುತ್ತದೆ. ಮುದ್ರಿತ ಕಾಗದವನ್ನು ನಂಬುವುದು ಮನುಷ್ಯ ಸ್ವಭಾವ.

ಹೆಸರಿನ ವಿಷಯವನ್ನೇ ನೋಡಿ. ಶಾಲೆಯ ದಾಖಲೆಯಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ 'ಮಂಜುನಾಥ್', ಬ್ಯಾಂಕಿನ ಪುಸ್ತಕದಲ್ಲಿ 'ಕೆ. ಮಂಜುನಾಥ'. ಊರಿನವರಿಗೆ ಮೂವರೂ ಒಬ್ಬನೇ. ಗಣಕಕ್ಕೆ ಮೂವರು ಬೇರೆ ಬೇರೆ. ವಿದ್ಯಾರ್ಥಿವೇತನ ಬರದಿದ್ದಾಗ ಹುಡುಗ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಅವನ ತಾಯಿ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬರುತ್ತಾಳೆ. 'ಸಿಸ್ಟಂ ತಗೊಳ್ತಾ ಇಲ್ಲ' ಎಂಬ ಒಂದು ಮಾತಿನಲ್ಲಿ ಅವರ ದಿನ ಮುಗಿಯುತ್ತದೆ. ಶಾಲೆಯಲ್ಲಿ ಇಷ್ಟು ವರ್ಷ ಕಳೆದ ನನಗೆ ಪರಿಚಿತವಾದ ನೋಟ ಇದು. ಹೊರೈಜನ್ ಕಥೆಯ ಬೀಜ ಇರುವುದೂ ಇಂಥ ಮಾತಿನಲ್ಲೇ. ಗಣಕವೇ ಕೊನೆಯ ಮಾತು ಎಂದಾದಾಗ ಎದುರಿಗಿರುವ ಮನುಷ್ಯ ಕಾಣದೆ ಹೋಗುತ್ತಾನೆ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ನಮ್ಮಲ್ಲೂ ಕೆಲವು ಬಾಗಿಲುಗಳಿವೆ, ಅವನ್ನು ಬಳಸುವ ರೂಢಿ ಬೇಕು. ನಮ್ಮ ಆಧಾರ್ ಸಂಖ್ಯೆಯನ್ನು ಹಿಂದಿನ ಆರು ತಿಂಗಳಲ್ಲಿ ಯಾವಾಗ ದೃಢೀಕರಣಕ್ಕೆ ಬಳಸಲಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲೇ ನೋಡಬಹುದು. ಬೆರಳಚ್ಚಿನ ಬಳಕೆಗೆ ಬೀಗವನ್ನೂ ಹಾಕಬಹುದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ, ತನ್ನ ಮಾಹಿತಿ ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕನ್ನು ಹೇಳಲಾಗಿದೆ.

ಪೋಷಕರು ಒಂದು ಭಾನುವಾರ ಬಿಡುವು ಮಾಡಿಕೊಂಡು ಮಕ್ಕಳ ಜನನ ಪತ್ರ, ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಪುಸ್ತಕಗಳನ್ನು ಒಟ್ಟಿಗೆ ಹರಡಿಕೊಂಡು ಹೆಸರು, ಜನ್ಮದಿನಾಂಕ ಅಕ್ಷರಶಃ ತಾಳೆಯಾಗುತ್ತವೆಯೇ ಎಂದು ನೋಡಲಿ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ ತಪ್ಪು ಸಿಕ್ಕರೆ ತಿದ್ದುವುದು ಸುಲಭ, ಅಂಕಪಟ್ಟಿ ಅಚ್ಚಾದ ಮೇಲೆ ಕಷ್ಟ. ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆದು ದಿನಾಂಕ ಸಮೇತ ಇಟ್ಟುಕೊಳ್ಳಲಿ. ಆಗದು ಎಂದರೆ ಯಾಕೆ ಆಗದು ಎಂಬುದನ್ನು ಬರಹದಲ್ಲಿ ಕೇಳಲಿ. ಫೋನಿಗೆ ಬರುವ ಓಟಿಪಿ ಸಂಖ್ಯೆ ಮನೆಯ ಕೀಲಿಕೈ ಇದ್ದಂತೆ, ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ಅದನ್ನು ಕೊಡಬಾರದು. ಈ ಪಾಠವನ್ನು ಮಕ್ಕಳೇ ಅಜ್ಜ ಅಜ್ಜಿಯರಿಗೆ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಾಳೆ ನಿಮ್ಮಲ್ಲಿ ಕೆಲವರು ತಂತ್ರಾಂಶ ಬರೆಯುವಿರಿ, ಕೆಲವರು ತಾಲ್ಲೂಕು ಕಚೇರಿಯ ಕುರ್ಚಿಯಲ್ಲಿ ಕೂರುವಿರಿ, ಇನ್ನು ಕೆಲವರು ನ್ಯಾಯಾಲಯದಲ್ಲಿ ವಾದಿಸುವಿರಿ. ಪ್ರಯೋಗಾಲಯದಲ್ಲಿ ಅಳತೆ ತೆಗೆದಾಗ ಉಪಕರಣದ ದೋಷವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾವು ಕಲಿಸುತ್ತೇವೆ. ಗಣಕವೂ ಒಂದು ಉಪಕರಣ. ಅದು ತೋರಿಸಿದ ಅಂಕಿಗೂ ಎದುರಿಗೆ ನಿಂತ ಮನುಷ್ಯನ ಮಾತಿಗೂ ವ್ಯತ್ಯಾಸ ಬಂದಾಗ, ಒಮ್ಮೆ ಉಪಕರಣವನ್ನೂ ಪರೀಕ್ಷಿಸಿ. ಕೋಡಿ ಕಟ್ಟುವ ಕೆಲಸ ಅಲ್ಲಿಂದಲೇ ಆರಂಭ.